ತಗ್ಗು

ಊರ ಮಂದಿ ಮೊದಲು ಕೇಳುವುದು ಒಂದೇ:
"ಯಾವ ಲಾರಿ?"
ಲಾರಿ ಅಲ್ಲ ಅಂದರೆ ಮುಖ ಸಪ್ಪಗಾಗುತ್ತದೆ.
ಸೈಕಲ್ ಹೊಡೆಯುವವ ರಸ್ತೆಯಲ್ಲೇ ಸಾಯಬೇಕು
ಅನ್ನುವುದು ಅವರ ಲೆಕ್ಕ.
ಫಕ್ಕೀರೇಶ ಹೋದದ್ದು ಹಾಸಿಗೆಯಲ್ಲಿ,
ಹುಬ್ಬಳ್ಳಿಯ ದವಾಖಾನೆಯ ಎರಡನೇ ಮಹಡಿ,
ಕಣ್ಣು ಅರಿಷಿಣವಾಗಿ,
ಹೊಟ್ಟೆ ಉಬ್ಬಿ, ಕೈ ಕಡ್ಡಿಯಾಗಿ,
ಮೀನಖಂಡ ಮಾತ್ರ ಕೊನೆಯತನಕ
ಕಲ್ಲಿನಂತೆ ಗಟ್ಟಿ.

ನಾವು ಆರು ಮಂದಿ. ಭಾನುವಾರ ಐದೂವರೆಗೆ
ಬೆಟಗೇರಿಯಲ್ಲಿ ದಾವಲಸಾಬನ ಅಂಗಡಿ ಮುಂದೆ.
ಅರ್ಧ ಎತ್ತಿದ ಶಟರು, ಒಳಗೆ ಪಂಪಿನ ಉಸಿರು.
ಮಂಕಿ ಟೊಪ್ಪಿಗೆಯ ಮೇಲೆ ಹೆಲ್ಮೆಟ್ಟು ಬಿಗಿದ ಇಟಗಿ ಮಾಸ್ತರು,
ಹತ್ತಿ ಮಿಲ್ಲಿನ ಚೌಡಪ್ಪ, ಅವನ ತಮ್ಮ,
ರಾತ್ರಿ ಪಾಳಿ ಮುಗಿಸಿ ಬಂದ ನಾನು,
ಕೈಯಲ್ಲಿನ್ನೂ ಸ್ಪಿರಿಟ್ಟಿನ ವಾಸನೆ.
ಮುಂಡರಗಿ ರಸ್ತೆ, ಪಾಪನಾಶಿ ದಾಟಿ
ಗುಡ್ಡದ ಮೇಲೆ ಗಾಳಿಯಂತ್ರಗಳು ಕಾಣುವತನಕ.
ಚಹಾ, ಮಿರ್ಚಿ, ಯಾರದೋ ಚೈನಿನ ಬಗ್ಗೆ ಜಗಳ.
ಬರುವಾಗ ಎದುರುಗಾಳಿ.

ಎದುರುಗಾಳಿಗೆ ಫಕ್ಕೀರೇಶನೇ ಮುಂದೆ.
ಕರೆಂಟಿನ ಮೀಟರು ಓದುವವ,
ಊರಿನ ಎಲ್ಲ ನಾಯಿಗಳ ಗುರುತು ಹಿಡಿದವ.
"ನನ್ನ ಬೆನ್ನ ಹಿಂದ ಬರ್ರಿ, ಗಾಳಿ ನಾ ತಿಂತೀನಿ."
ಬೆನ್ನು ಅಗಲವೇನಲ್ಲ,
ಐದು ಮಂದಿ ಅದರ ಮರೆಯಲ್ಲಿ ಹಿಡಿಸುತ್ತಿದ್ದೆವು.
ತಗ್ಗು ಬಂದರೆ ಅವನ ಎಡಗೈ ಸೊಂಟದ ಹಿಂದೆ ಬಂದು
ಎರಡು ಬೆರಳು ಕೆಳಗೆ.
ಅದನ್ನು ನೋಡಿ ಹಿಂದಿನವ, ಅವನ ನೋಡಿ ಅವನ ಹಿಂದಿನವ,
ಒಂದು ಸುದ್ದಿ ಕೈಯಿಂದ ಕೈಗೆ ಇಳಿದು
ಸಾಲಿನ ಕೊನೆಯಲ್ಲಿ ನೆಲಕ್ಕೆ ಬೀಳುತ್ತಿತ್ತು.

ರಿಪೋರ್ಟು ಮೊದಲು ನೋಡಿದವಳು ನಾನು.
ಲ್ಯಾಬಿನ ಕಿಟಕಿಗೆ ಹಿಡಿದು, ಮೀಟರು ಓದುವ ಕಣ್ಣಲ್ಲಿ
ಅಂಕಿ ಅಂಕಿ ಓದಿ ಅಂದ:
"ಭಾಳ ಯೂನಿಟ್ ಉರದಾವಲ್ರಿ ಅಕ್ಕಾರ."
ಆಮೇಲೆ, ಹಾಳೆ ಮಡಚಿ:
"ಅವರಿಗೆ ಹೇಳಬ್ಯಾಡ್ರಿ. ಹೇಳಿದ್ರ ನನ್ನ ಹಿಂದ ಹಾಕ್ತಾರ."
ಹೇಳಲಿಲ್ಲ.
ಆಷಾಢದ ನಾಲ್ಕು ಭಾನುವಾರ
ಅವನ ಹಿಂದಿನ ಗಾಲಿಗೆ ಗೇಣು ಅಂತರ ಬಿಟ್ಟು ಬಂದೆ.
ವಾರವಾರಕ್ಕೆ ಅಂಗಿ ದೊಡ್ಡದಾಗುತ್ತಿತ್ತು,
ಅವನ ಎರಡೂ ಬದಿಯಿಂದ ಗಾಳಿ ಸೋರಿ ನನ್ನ ಮುಖಕ್ಕೆ.
"ಏನಲೇ, ಮದಿವಿ ಮೆರವಣಿಗೀನ?"
ದಾವಲಸಾಬ ಹಿಂದಿನಿಂದ ಕೂಗಿದ.
ಎಲ್ಲರೂ ನಕ್ಕರು.
ನಾನೂ ನಕ್ಕೆ, ತುಸು ಹೆಚ್ಚೇ.

ಮಣ್ಣಾದ ಮೇಲೆ ದಾವಲಸಾಬ
ಎರಡು ತಿಂಗಳು ನನ್ನ ಕೂಡ ಮಾತು ಬಿಟ್ಟಿದ್ದ.
ಒಂದು ಸಂಜೆ ನನ್ನ ಪಂಕ್ಚರಿಗೆ ತೇಪೆ ಹಚ್ಚಿ,
ಟ್ಯೂಬನ್ನು ನೀರಿನ ಬೋಗುಣಿಯಲ್ಲಿ ಅದ್ದಿ,
ನೀರನ್ನೇ ನೋಡುತ್ತ ಕೇಳಿದ:
"ನನಗರ ಹೇಳಬಾರದಿತ್ತೇನು?
ಗಾಳಿಗೆ ನಾ ಮುಂದ ಹೋಗತಿದ್ದೆ."
ಗುಳ್ಳೆ ಏಳುತ್ತವೇನೋ ಎಂದು
ಇಬ್ಬರೂ ಕಾದೆವು.

ಸೈಕಲ್ಲು ಮಾರಲಿಕ್ಕೆ ತಂದಳು ಅವನ ಹೆಂಡತಿ,
ಮಗಳು ಹ್ಯಾಂಡಲ್ ಬಿಡಲಿಲ್ಲ.
ದಾವಲಸಾಬ ಬೋಲ್ಟು ಸಡಿಲಿಸಿ
ಸೀಟನ್ನು ನಾಲ್ಕು ಬೆರಳು ಇಳಿಸಿದ.
ಅವನ ಕಾಲಿನ ಅಳತೆಗೆ ತುಕ್ಕು ಎಳೆದಿದ್ದ ಗೆರೆ
ಕೊಳವೆಯೊಳಗೆ ಇಳಿದುಹೋಯಿತು.
ದಾಕ್ಷಾಯಣಿಗೆ ಹದಿಮೂರು. ಬೆಳೆದರೆ
ಮತ್ತೆ ಮೇಲೆ ಬಂದೀತು. ಬಾರದಿದ್ದರೂ ನಡೆಯುತ್ತದೆ.

ಪಾಪನಾಶಿ ಈಚೆಯ ದೊಡ್ಡ ತಗ್ಗನ್ನು
ಚುನಾವಣೆಗೆ ಮುಂಚೆ ಡಾಂಬರು ಹಾಕಿ ಮುಚ್ಚಿದ್ದಾರೆ.
ಆದರೂ ಅಲ್ಲಿಗೆ ಬಂದಾಗ ಕೈ ತಾನೇ ಹಿಂದೆ ಹೋಗುತ್ತದೆ,
ಮಾಸ್ತರದ್ದು, ಚೌಡಪ್ಪನದ್ದು, ನನ್ನದು.
ಕಳೆದ ಭಾನುವಾರ ಸಾಲಿನ ಕೊನೆಗಿದ್ದ ದಾಕ್ಷಾಯಣಿ
ನನ್ನ ಬೆರಳು ನೋಡಿ ಬ್ರೇಕು ಹಿಡಿದು,
ನುಣ್ಣಗಿನ ರಸ್ತೆ ನೋಡಿ,
"ಎಲ್ಲೈತ್ರೀ ತಗ್ಗು?" ಅಂತ ಕೂಗಿದಳು.
ಮುಂದಿದ್ದ ದಾವಲಸಾಬನಿಗೆ ಗಾಳಿಯಲ್ಲಿ ಕೇಳಿಸಲಿಲ್ಲ,
ಅಥವಾ ಕೇಳಿಸಿತು.
ಗದಗ ಇನ್ನೂ ಒಂಬತ್ತು ಕಿಲೋಮೀಟರು ಇತ್ತು.